ಕಿಟಕಿಯಲ್ಲಿ ಕೂತ ಯೌವನಸ್ಥನು

(ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯ, 7ರಿಂದ 12ರ ವರೆಗಿನ ವಚನಗಳನ್ನು ಓದಿರಿ.)



ತ್ರೋವವೆಂಬ ಪಟ್ಟಣದಲ್ಲಿ ನಡೆದ ಒಂದು ಸಂಗತಿಯನ್ನು ಲೂಕನು ನಮಗೋಸ್ಕರ ಬರೆದಿಟ್ಟಿದ್ದಾನೆ. ವಾರದ ಮೊದಲನೆಯ ದಿನ ಸಭೆಯವರು ಒಂದು ಮಾಳಿಗೆಯ ಕೋಣೆಯಲ್ಲಿ ಕೂಡಿದ್ದರು. ಪೌಲನು ಮರುದಿನ ಪ್ರಯಾಣ ಹೊರಡತಕ್ಕವನಾಗಿದ್ದ ಕಾರಣ ನಡುರಾತ್ರಿಯ ವರೆಗೂ ಮಾತಾಡುತ್ತಲೇ ಇದ್ದನು. ಕೋಣೆಯಲ್ಲಿ ಬಹಳ ದೀಪಗಳು ಉರಿಯುತ್ತಿದ್ದವು. ಯೂತಿಖನೆಂಬ ಹುಡುಗನೊಬ್ಬನು ಕಿಟಕಿಯ ಮೇಲೆ ಕೂತಿದ್ದನು. ಅವನನ್ನು ನಿದ್ರೆಯು ಸೋಲಿಸಿತು. ಅವನು ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಎತ್ತಿ ನೋಡುವಾಗ ಸತ್ತವನಾಗಿದ್ದನು. ಪೌಲನು ಕೆಳಗಿಳಿದು ಹೋಗಿ ಅವನನ್ನು ಅಪ್ಪಿಕೊಂಡನು, ಹುಡುಗನು ಜೀವಿತನಾದನು, ಸಭೆಗೆ ಬಹಳ ಆದರಣೆಯುಂಟಾಯಿತು.

ಈ ಹುಡುಗನನ್ನು ಹಾಸ್ಯಕ್ಕೆ ತರುವವರು ಬಹು ಮಂದಿ ಇದ್ದಾರೆ. ಪ್ರಸಂಗದ ವೇಳೆಯಲ್ಲಿ ತೂಕಡಿಸುವವರಿಗೆ ಅವನ ಹೆಸರು ಹೇಳಿ ಹೆದರಿಸುವದುಂಟು. ಆದರೆ ಲೂಕನು ಅವನ ಮೇಲೆ ಒಂದು ನಿಂದೆಯ ಮಾತನ್ನಾದರೂ ಬರೆಯಲಿಲ್ಲವೆಂಬದನ್ನು ನಾವು ಗಮನಿಸತಕ್ಕದ್ದು. ಅವನು ದುಷ್ಟನಲ್ಲ; ಎಲ್ಲರೂ ಎಚ್ಚರವಾಗಿದ್ದ ಸ್ಥಳದಲ್ಲಿ ತಾನೂ ಎಚ್ಚರವಾಗಿರಬೇಕೆಂದು ಕೂತವನು. ಅವನು ಕೂತ ಜಾಗ ಮಾತ್ರ ಅಪಾಯದ್ದಾಗಿತ್ತು, ಅದನ್ನು ಯಾರೂ ನೋಡಲಿಲ್ಲ.

ನಮ್ಮ ಹಳ್ಳಿಗಳಲ್ಲಿಯೂ ಹದಿಮೂರರಿಂದ ಹದಿನೆಂಟು ವರುಷದ ಮಕ್ಕಳು ಈಗ ರಾತ್ರಿ ರಾತ್ರಿ ಒಂದು ಕಿಟಕಿಯಲ್ಲಿ ಕೂತಿದ್ದಾರೆ. ಅದು ಅಂಗೈಯಗಲದ ಕಿಟಕಿ. ಅದಕ್ಕೆ ಮೊಬೈಲೆಂದು ಹೆಸರು. ಮನೆಯವರೆಲ್ಲರೂ ಮಲಗಿದ ಮೇಲೆ ಕಂಬಳಿಯ ಒಳಗಿನಿಂದ ನೀಲಿ ಬೆಳಕು ಕಾಣುತ್ತದೆ. ಬೆಳಿಗ್ಗೆ ತಾಯಿಯು, “ಏಳು ಮಗನೇ, ಬಸ್ಸು ಬಂತು” ಎಂದು ಮೂರು ಸಾರಿ ಕೂಗಿದರೂ ಅವನಿಂದ ಏಳುವದಕ್ಕಾಗದು. ಇದು ಪಟ್ಟಣದವರ ಕಷ್ಟ, ನಮ್ಮದಲ್ಲವೆಂದು ನೆನಸಬೇಡಿರಿ. 2024ರಲ್ಲಿ ಭಾರತದ ಹಳ್ಳಿಗಳಲ್ಲಿ ಮಕ್ಕಳ ವಿದ್ಯೆಯನ್ನು ಕುರಿತು ನಡೆದ ಅಸರ್ ಸಮೀಕ್ಷೆಯಲ್ಲಿ, 14ರಿಂದ 16 ವರುಷದವರೊಳಗೆ ನೂರರಲ್ಲಿ 82 ಮಂದಿಗೆ ಸ್ಮಾರ್ಟ್‌ಫೋನು ನಡಿಸಲು ಬರುತ್ತದೆಂದು ತಿಳಿದುಬಂತು. ಹಾಗೆ ಬಲ್ಲವರಲ್ಲಿ ಆ ವಾರ ಪಾಠಕ್ಕಾಗಿ ಅದನ್ನು ಹಿಡಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗಾಗಿ ಹಿಡಿದವರು ನೂರಕ್ಕೆ 76. ಹೀಗಿರಲಾಗಿ ಈ ವಾಕ್ಯಭಾಗದಿಂದ ನಾವು ಮೂರು ಪಾಠಗಳನ್ನು ಕಲಿತುಕೊಳ್ಳೋಣ.

ಮೊದಲನೆಯದು: ನಿದ್ರೆಯು ದೇವರ ದಾನವಾಗಿದೆ.

ಅಪೊಸ್ತಲನ ಪ್ರಸಂಗವಾದರೂ ಹುಡುಗನ ದೇಹದ ಹಂಗನ್ನು ತೀರಿಸಲಾರದೆ ಹೋಯಿತು. ದೇವರು ದೇಹಕ್ಕೆ ಒಂದು ನೇಮವನ್ನಿಟ್ಟಿದ್ದಾನೆ. ನಮ್ಮ ಕರ್ತನು ತಾನೇ ಬಿರುಗಾಳಿಯ ನಡುವೆ ದೋಣಿಯಲ್ಲಿ ಮಲಗಿ ನಿದ್ರಿಸಿದನು. ಎಲೀಯನು ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿಹೋಗಿ, ತನಗೆ ಸಾವು ಬಂದರೆ ಸಾಕೆಂದು ಬೇಡಿಕೊಂಡಾಗ, ದೇವರು ಅವನಿಗೆ ಮೊದಲು ಉಪದೇಶ ಮಾಡಲಿಲ್ಲ. ಮೊದಲು ನಿದ್ರೆಯನ್ನು ಕೊಟ್ಟನು, ಆ ಮೇಲೆ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ತಿರಿಗಿ ಮಲಗಗೊಡಿಸಿದನು. ಎದೆಗುಂದಿದವನಿಗೆ ನಿದ್ರೆಯೇ ಮೊದಲನೆಯ ಔಷಧವೆಂದು ಇದರಿಂದ ತಿಳಿಯುತ್ತೇವೆ.

ವೈದ್ಯರು ಹೇಳುವದೂ ಇದಕ್ಕೆ ಒಪ್ಪುತ್ತದೆ. 13ರಿಂದ 18 ವರುಷದವರಿಗೆ ದಿನಕ್ಕೆ 8ರಿಂದ 10 ತಾಸಿನ ನಿದ್ರೆ ಬೇಕೆಂದು ಅಮೇರಿಕಾದ ನಿದ್ರಾವೈದ್ಯರ ಸಂಘವು 2016ರಲ್ಲಿ ನಿರ್ಣಯಿಸಿತು. ಪ್ರಾಯ ಬರುವಾಗ ದೇಹದೊಳಗಿನ ಗಡಿಯಾರವು ಕೊಂಚ ಹಿಂದೆ ಬೀಳುತ್ತದೆ. ನಿದ್ರೆಯನ್ನು ಕರೆಯುವ ಮೆಲಟೋನಿನ್ ಎಂಬ ರಸವು ಚಿಕ್ಕ ಮಕ್ಕಳಲ್ಲಿ ಬೇಗನೆ, ಇವರಲ್ಲಿ ತಡವಾಗಿ ಹರಿಯುತ್ತದೆ. ಆದದರಿಂದ ಹದಿನೈದು ವರುಷದವನಿಗೆ ಒಂಬತ್ತು ಗಂಟೆಗೆ ಕಣ್ಣು ಮುಚ್ಚದೆ ಹೋದರೆ ಅದು ಹಟವಲ್ಲ. ಆದರೆ ಅವನ ಗಡಿಯಾರ ತಡವಾಯಿತೆಂದು ಶಾಲೆಯ ಬಸ್ಸು ಕಾಯುವದಿಲ್ಲ. ಆರು ಗಂಟೆಗೆ ಏಳತಕ್ಕವನು ಹತ್ತಕ್ಕೆ ಮಲಗಿದರೆ ಎಂಟು ತಾಸು ದೊರೆಯುವದು. ಒಂದು ಗಂಟೆಯ ವರೆಗೆ ಮೊಬೈಲು ನೋಡಿದರೆ ಐದೇ ತಾಸು. ದಿನಕ್ಕೆ ಮೂರು ತಾಸಿನಂತೆ ಶಾಲೆಯಿರುವ ಆರು ದಿನಗಳಿಗೆ ಹದಿನೆಂಟು ತಾಸಿನ ಸಾಲ. ಭಾನುವಾರ ಆರಾಧನೆಯನ್ನು ಬಿಟ್ಟು ಮಧ್ಯಾಹ್ನದ ವರೆಗೆ ಮಲಗಿದರೂ ಆ ಸಾಲ ತೀರದು.

ಬೇಸಾಯಗಾರರಾದ ನಿಮಗೆ ಒಂದು ಸಂಗತಿ ಗೊತ್ತುಂಟು. ಎತ್ತು ಹಗಲೆಲ್ಲಾ ಮೇದರೆ ಸಾಲದು. ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕಿದರೇನೇ ಮೇವು ಮೈಗೆ ಹತ್ತುವದು. ಮಕ್ಕಳು ಹಗಲಲ್ಲಿ ಕಲಿತದ್ದೂ ಹಾಗೆಯೇ. ನಿದ್ರೆಯ ಹೊತ್ತಿನಲ್ಲಿ ಮೆದುಳು ಆ ದಿನದ ಪಾಠವನ್ನು ಮೆಲುಕು ಹಾಕಿ ನೆಲೆಗೊಳಿಸುತ್ತದೆ. ನಿದ್ರೆಗೆಟ್ಟ ಮಗನು ಓದಿದ್ದನ್ನು ಮರೆಯುವನು, ಚಿಕ್ಕ ಮಾತಿಗೆ ಸಿಡುಕುವನು, ತಂಗಿಯ ಮೇಲೆ ಕೈಯೆತ್ತುವನು, ಕಾರಣವಿಲ್ಲದೆ ಕಣ್ಣೀರು ಹಾಕುವನು. ಆಗ ತಂದೆಯು, “ಇವನಿಗೆ ಸೊಕ್ಕು ಬಂದಿದೆ” ಎನ್ನುತ್ತಾನೆ. ಬಹಳ ಸಾರಿ ಅದು ಸೊಕ್ಕಲ್ಲ, ನಿದ್ರೆಯ ಕೊರತೆ.

ಬೆಳಕೂ ಇದರಲ್ಲಿ ಸ್ವಲ್ಪ ಪಾಲು ಹೊಂದಿದೆ. ಬಾಸ್ಟನ್ ಪಟ್ಟಣದ ಸಂಶೋಧಕರು ಹನ್ನೆರಡು ಮಂದಿಯನ್ನು ಕೆಲವು ರಾತ್ರಿ ಬೆಳಗುವ ಪರದೆಯ ಮೇಲೆಯೂ ಕೆಲವು ರಾತ್ರಿ ಅಚ್ಚಾದ ಪುಸ್ತಕದಲ್ಲಿಯೂ ಓದಿಸಿ ನೋಡಿ, 2015ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪರದೆಯಲ್ಲಿ ಓದಿದ ರಾತ್ರಿಗಳಲ್ಲಿ ನಿದ್ರೆಯ ರಸವು ಸುಮಾರು ಒಂದೂವರೆ ತಾಸು ತಡವಾಗಿ ಹರಿಯಿತು. ಆದರೂ ಅವರು ನಿದ್ರೆಹೋಗಲು ಹಿಡಿದ ಹೆಚ್ಚಿನ ಹೊತ್ತು ಹತ್ತು ನಿಮಿಷದಷ್ಟೇ. ಹಾಗಾದರೆ ಹುಡುಗನ ಮೂರು ತಾಸನ್ನು ಕದ್ದದ್ದು ಬೆಳಕೊಂದೇ ಅಲ್ಲ. ಇದಕ್ಕಿಂತಲೂ ಆಲೋಚಿಸತಕ್ಕ ಇನ್ನೊಂದು ಸಂಗತಿಯುಂಟು. 2016ರಲ್ಲಿ ಇಪ್ಪತ್ತು ಸಂಶೋಧನೆಗಳನ್ನು, ಅಂದರೆ ಒಂದೂಕಾಲು ಲಕ್ಷ ಮಕ್ಕಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಲಾಗಿ, ಮಲಗುವ ವೇಳೆಯಲ್ಲಿ ಮೊಬೈಲು ನಡಿಸಿದವರು ಮಾತ್ರವಲ್ಲ, ಅದನ್ನು ಮುಟ್ಟದೆ ಕೈಗೆ ಸಿಕ್ಕುವಷ್ಟು ಹತ್ತಿರ ಇಟ್ಟುಕೊಂಡವರೂ ಕಡಿಮೆ ನಿದ್ರೆ ಮಾಡುವವರಾಗಿ ಕಂಡರು. ಮುಟ್ಟದ ಮೊಬೈಲಿದ್ದಲ್ಲಿಯೂ ನಿದ್ರೆ ಕಡಿಮೆಯಾಗುವದೇಕೆ? ಕಣ್ಣು ಮುಚ್ಚಿದರೂ ಕಿವಿಯು ಜತೆಗಾರರ ಕರೆಗಾಗಿ ಕಾದಿರುವದು ಅದಕ್ಕೆ ಒಂದು ಕಾರಣವೆಂದು ತಿಳಿಯಬಹುದು. ಇದರಿಂದ ಎರಡನೆಯ ಪಾಠಕ್ಕೆ ಬರುತ್ತೇವೆ.

ಎರಡನೆಯದು: ಆ ಕಿಟಕಿಯಲ್ಲಿ ಅವನು ಒಬ್ಬನೇ ಕೂತಿಲ್ಲ.

ತಾಯಿತಂದೆಗಳು, “ನನ್ನ ಮಗನಿಗೆ ಮೊಬೈಲಿನ ಹುಚ್ಚು” ಎನ್ನುತ್ತಾರೆ. ಒಂದು ವಸ್ತುವಿಗೂ ಒಬ್ಬ ಮಗನಿಗೂ ಇರುವ ನಂಟೆಂದು ಅವರ ಎಣಿಕೆ. ನಾವು ಹೇಳುವದೇನಂದರೆ, ಮಗನನ್ನು ಹಿಡಿದಿರುವದು ವಸ್ತುವಿಗಿಂತ ಹೆಚ್ಚಾಗಿ ಅದರ ಆಚೆಗಿರುವ ಜತೆಗಾರರು. ತರಗತಿಯ ಹುಡುಗರಿಗೆ ವಾಟ್ಸ್‌ಆಪ್‌ನಲ್ಲಿ ಒಂದು ಗುಂಪುಂಟು. ಹನ್ನೊಂದು ಗಂಟೆಗೆ ಒಬ್ಬನು ಒಂದು ಮಾತು ಹಾಕುತ್ತಾನೆ, ಓದಿದವನಿಗೆ ನೀಲಿ ಗುರುತು ಬೀಳುತ್ತದೆ, ಓದಿಯೂ ಉತ್ತರ ಕೊಡದವನು ಮರುದಿನ, “ಏನೋ, ದೊಡ್ಡವನಾದೆಯೋ?” ಎಂಬ ಮಾತು ಕೇಳಬೇಕು. ಆಟಗಳಲ್ಲಿ ನಾಲ್ವರ ತಂಡ ಕಟ್ಟುವದುಂಟು. ನಡುವೆ ಒಬ್ಬನು ಎದ್ದರೆ ಮೂವರೂ ಸೋಲುವರು, ಸೋಲಿನ ದೂರೆಲ್ಲಾ ಎದ್ದವನ ತಲೆಗೆ. ಸ್ನ್ಯಾಪ್‌ಚಾಟ್ ಎಂಬದರಲ್ಲಿ ಇಬ್ಬರು ಗೆಳತಿಯರು ಒಂದು ದಿನವಾದರೂ ತಪ್ಪದೆ ಒಬ್ಬರಿಗೊಬ್ಬರು ಚಿತ್ರ ಕಳುಹಿಸಿದರೆ ಬೆಂಕಿಯ ಗುರುತೂ ದಿನಗಳ ಲೆಕ್ಕವೂ ಬೆಳೆಯುತ್ತಾ ಹೋಗುವವು; ಒಂದು ದಿನ ತಪ್ಪಿದರೆ ಇನ್ನೂರು ದಿನಗಳ ಲೆಕ್ಕವೂ ಅಳಿದುಹೋಗುವದು. ಸ್ನೇಹವನ್ನೇ ಕಳಕೊಂಡೆನೋ ಎಂದು ಹುಡುಗಿಯು ಅಳುವಳು. ಇನ್‌ಸ್ಟಾಗ್ರಾಂನಲ್ಲಿ ತನ್ನ ಚಿತ್ರವನ್ನಿಟ್ಟವಳು ಎಷ್ಟು ಮಂದಿ ಮೆಚ್ಚಿದರೆಂದು ರಾತ್ರಿ ಎದ್ದೆದ್ದು ನೋಡುವಳು; ಗೆಳತಿಯ ಚಿತ್ರಕ್ಕೆ ಹೆಚ್ಚು ಮೆಚ್ಚಿಗೆ ಬಂದಿದ್ದರೆ ತನ್ನ ಮೋರೆಯನ್ನು ತಾನೇ ಹಳಿಯುವಳು.

2023ರಲ್ಲಿ ಅಮೇರಿಕಾದಲ್ಲಿ 11ರಿಂದ 17 ವರುಷದ ಸುಮಾರು ಇನ್ನೂರು ಮಂದಿಯ ಮೊಬೈಲುಗಳನ್ನು ಪರಿಶೀಲಿಸಿದಾಗ, ಅರ್ಧಪಾಲು ಮಕ್ಕಳಿಗೆ ದಿನಕ್ಕೆ 237 ಅಥವಾ ಅದಕ್ಕಿಂತ ಹೆಚ್ಚು ಕರೆಸೂಚನೆಗಳು ಬರುತ್ತಿದ್ದವು. ದಿನಕ್ಕೆ ಇನ್ನೂರ ಮೂವತ್ತೇಳು ಸಾರಿ ಬಾಗಿಲು ತಟ್ಟುವ ಮನೆಯಲ್ಲಿ ಯಾರು ಸಮಾಧಾನವಾಗಿ ಕೂತಾರು? ಅದೇ ವರುಷ ಆ ದೇಶದ ಸರಕಾರದ ಮುಖ್ಯ ವೈದ್ಯಾಧಿಕಾರಿಯು, ದಿನಕ್ಕೆ ಮೂರು ತಾಸಿಗಿಂತ ಹೆಚ್ಚಾಗಿ ಸಾಮಾಜಿಕ ಜಾಲತಾಣಗಳಲ್ಲಿ ಕಾಲ ಕಳೆಯುವ ಮಕ್ಕಳಿಗೆ ಮನಸ್ಸಿನ ಬಾಧೆಗಳ ಅಪಾಯವು ಎರಡರಷ್ಟೆಂದು ಎಚ್ಚರಿಸಿದನು. ಮೊಬೈಲಿನಿಂದ ದುಃಖ ಬಂತೋ, ದುಃಖವಿದ್ದ ಮಗುವು ಮೊಬೈಲಿಗೆ ಓಡಿತೋ ಎಂಬ ವಿಷಯದಲ್ಲಿ ಪಂಡಿತರು ಇನ್ನೂ ವಾದಿಸುತ್ತಿದ್ದಾರೆ, ಎರಡೂ ನಿಜವಾಗಿರಬಹುದು. ಮೊಬೈಲು ಸೈತಾನನೆಂದು ನಾವು ಸಾರುವದಿಲ್ಲ. ದೂರದ ಊರಿನಲ್ಲಿ ದುಡಿಯುವ ತಂದೆಯ ಮೋರೆಯನ್ನು ಮಗಳು ಅದರಲ್ಲೇ ಕಾಣುತ್ತಾಳೆ. ಪರೀಕ್ಷೆಯ ಪಾಠವೂ ಸತ್ಯವೇದವೂ ಅದರಲ್ಲಿ ದೊರೆಯುತ್ತವೆ. ಆದರೆ ನಡುರಾತ್ರಿಯಲ್ಲಿ ಅದು ತೆಗೆದುಕೊಂಡ ನಿದ್ರೆಯನ್ನು ಯಾವ ಲಾಭವೂ ತಿರಿಗಿ ಕೊಡದು.

ಇಲ್ಲಿ ಒಂದು ಆಶ್ಚರ್ಯದ ಸಂಗತಿಯನ್ನು ಕೇಳಿರಿ. ಅಮೇರಿಕಾದ ಕೆಲವು ಅರ್ಥಶಾಸ್ತ್ರಜ್ಞರು ಕಾಲೇಜಿನ ವಿದ್ಯಾರ್ಥಿಗಳನ್ನು ವಿಚಾರಿಸಿ 2023ರಲ್ಲಿ ಬರೆದದ್ದೇನಂದರೆ: “ನೀನೊಬ್ಬನೇ ನಾಲ್ಕು ವಾರ ಇನ್‌ಸ್ಟಾಗ್ರಾಂ ಬಿಡಲು ನಿನಗೆ ಎಷ್ಟು ಹಣ ಕೊಡಬೇಕು?” ಎಂದು ಕೇಳಿದಾಗ, ಅವರು ಬೇಡಿದ್ದು ಸರಾಸರಿ 47 ಡಾಲರು. “ನಿನ್ನ ಜತೆಯವರೂ ನೀನೂ ಎಲ್ಲರೂ ಕೂಡಿ ಬಿಡುವದಾದರೆ?” ಎಂದು ಕೇಳಿದಾಗಲೋ, ಹಣ ಬೇಡಲಿಲ್ಲ, ತಾವೇ ಸರಾಸರಿ 10 ಡಾಲರು ಕೊಡಲು ಒಪ್ಪಿದರು. ನೋಡಿದಿರೋ ಪ್ರಿಯರೇ? ಒಬ್ಬೊಬ್ಬನ ಒಳಗೂ ಬಿಡುವ ಆಸೆಯಿದೆ, ಒಂಟಿಯಾಗುವೆನೆಂಬ ಭಯವು ಅವನನ್ನು ಬಿಡಗೊಡಿಸದು. ಎಲ್ಲರೂ ಎಲ್ಲರಿಗೆ ಹೆದರಿ ಎಚ್ಚರವಾಗಿದ್ದಾರೆ.

ಆದದರಿಂದ ಒಂದು ಮನೆಯ ತಂದೆ ಮಾತ್ರ ಸಿಟ್ಟಿನಿಂದ ಮೊಬೈಲು ಕಸಕೊಂಡರೆ ರೋಗ ವಾಸಿಯಾಗುವದಿಲ್ಲ. ಆ ಮಗನು ಜತೆಯವರ ಮುಂದೆ ತಲೆ ತಗ್ಗಿಸುವನು. ತಂದೆಗೆ ಸುಳ್ಳು ಹೇಳಿ ಗೆಳೆಯನ ಮನೆಯಲ್ಲಿ ರಾತ್ರಿ ಕಳೆಯುವನು. ಜತೆಯಿಂದ ಬಂದ ರೂಢಿಯು ಜತೆಯಿಂದಲೇ ಹೋಗಬೇಕು. ಬಾಬೆಲಿನ ಅರಮನೆಯಲ್ಲಿದ್ದ ದಾನಿಯೇಲನನ್ನು ನೆನಸಿಕೊಳ್ಳಿರಿ. ಅವನೂ ಯೌವನಸ್ಥನೇ, ಸುತ್ತಲಿದ್ದವರೆಲ್ಲರೂ ಅರಸನ ಭೋಜನವನ್ನು ಉಣ್ಣುತ್ತಿದ್ದರು. ಆದರೆ ಅವನು ಒಂಟಿಯಾಗಿ ನಿಲ್ಲಲಿಲ್ಲ. ಅವನ ಸಂಗಡ ಮೂವರು ಗೆಳೆಯರಿದ್ದರು. ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು ಹತ್ತು ದಿನ ತಮ್ಮನ್ನು ಪರೀಕ್ಷಿಸಬೇಕೆಂದು ಅವನು ತಮ್ಮ ಮೇಲ್ವಿಚಾರಕನನ್ನು ವಿನಯದಿಂದ ಬೇಡಿಕೊಂಡನು. ಹತ್ತು ದಿನಗಳಾದ ಮೇಲೆ ನಾಲ್ವರ ಮುಖಗಳೂ ಕಳೆಗೂಡಿದ್ದವು. ನಾಲ್ಕು ಮಂದಿಯ ಒಪ್ಪಂದ, ಹತ್ತು ದಿನದ ಪರೀಕ್ಷೆ, ಮುಖದಲ್ಲಿ ಕಾಣುವ ಫಲ: ಇದನ್ನು ಮರೆಯಬೇಡಿರಿ, ಮುಂದೆ ಬೇಕಾಗುವದು.

ಮೂರನೆಯದು: ಪೌಲನು ಕೆಳಗೆ ಇಳಿದುಹೋದನು.

ಅಪೊಸ್ತಲನು ಮಾಳಿಗೆಯ ಮೇಲೆ ನಿಂತು, “ಕಿಟಕಿಯಲ್ಲಿ ಕೂರಬೇಡವೆಂದು ನಿನಗೆ ಗೊತ್ತಿರಲಿಲ್ಲವೋ?” ಎಂದು ಕೂಗಲಿಲ್ಲ. ಪ್ರಸಂಗವನ್ನು ನಿಲ್ಲಿಸಿದನು, ಮೆಟ್ಟಲುಗಳನ್ನು ಇಳಿದನು, ಬಿದ್ದವನ ಮೇಲೆ ಬಗ್ಗಿ ತಬ್ಬಿಕೊಂಡನು. ಮಕ್ಕಳನ್ನು ಎತ್ತಬೇಕಾದರೆ ಹಿರಿಯರು ಮೊದಲು ಇಳಿಯಬೇಕು. ತಂದೆಯು ತಾನು ಹಾಸಿಗೆಯಲ್ಲಿ ಒರಗಿ ರೀಲ್ಸ್ ನೋಡುತ್ತಾ, “ಮೊಬೈಲು ಇಡೋ” ಎಂದು ಮಗನನ್ನು ಗದರಿಸಿದರೆ ಆ ಮಾತಿಗೆ ತೂಕವಿಲ್ಲ.

ಕೂಡಿ ಇಳಿಯುವದು ಆಗದ ಮಾತೆಂದು ಹೇಳುವವರಿಗೆ ನಾವು ಸಮೀಪದ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯುಂಟು. ಅಲ್ಲಿ ಹೆಚ್ಚಿನವರು ಬೇಸಾಯಗಾರರು, ಸಕ್ಕರೆ ಕಾರ್ಖಾನೆಯ ಕೆಲಸದವರು. 2022ರ ಆಗಸ್ಟ್ ತಿಂಗಳಲ್ಲಿ ಊರವರು ಗ್ರಾಮಸಭೆಯಲ್ಲಿ ಕೂಡಿ ಒಂದು ನಿರ್ಣಯ ಮಾಡಿದರು. ಸಾಯಂಕಾಲ ಏಳು ಗಂಟೆಗೆ ಸೈರನ್ ಕೂಗುತ್ತಲೇ ಮನೆಮನೆಯಲ್ಲಿಯೂ ಟಿವಿ ಮೊಬೈಲುಗಳನ್ನು ಆರಿಸುವದು. ಎಂಟೂವರೆಗೆ ತಿರಿಗಿ ಕೂಗುವ ವರೆಗೆ ಮಕ್ಕಳು ಓದುವದು, ದೊಡ್ಡವರು ಅವರ ಬಳಿಯಲ್ಲಿರುವದು. ನಮ್ಮ ಬೆಳಗಾವಿಯ ಹತ್ತಿರದ ಹಲಗಾ ಗ್ರಾಮದವರೂ 2024ರ ಡಿಸೆಂಬರಿನಲ್ಲಿ ಇಂಥದೇ ಏರ್ಪಾಡನ್ನು ಆರಂಭಿಸಿದರು. ದೂರದ ಐರ್ಲೆಂಡ್ ದೇಶದ ಗ್ರೇಸ್ಟೋನ್ಸ್ ಎಂಬ ಊರಿನಲ್ಲಿ 2023ರಲ್ಲಿ ಎಂಟು ಪ್ರಾಥಮಿಕ ಶಾಲೆಗಳ ತಾಯಿತಂದೆಗಳು, ಮಕ್ಕಳು ಪ್ರೌಢಶಾಲೆಗೆ ಹೋಗುವ ವರೆಗೆ ಸ್ಮಾರ್ಟ್‌ಫೋನು ಕೊಡೆವೆಂದು ಮನಃಪೂರ್ವಕವಾಗಿ ಒಪ್ಪಿಕೊಂಡರು. “ಎಲ್ಲರ ಹತ್ತಿರವೂ ಇದೆ, ನನಗೆ ಮಾತ್ರ ಇಲ್ಲ” ಎಂಬ ಮಕ್ಕಳ ಅಳಲಿಗೆ ಅಲ್ಲಿ ನೆಲೆಯೇ ಇಲ್ಲದೆ ಹೋಗಲಿ ಎಂಬದೇ ಅವರ ಆಲೋಚನೆ.

ಆದದರಿಂದ ನಮ್ಮ ಸಭೆಗಳ ಮುಂದೆ ನಾವು ಇಡುವ ಮಾತೇನಂದರೆ, ದಾನಿಯೇಲನಂತೆ ಹತ್ತು ರಾತ್ರಿಗಳ ಪರೀಕ್ಷೆ ಮಾಡಿ ನೋಡಿರಿ. ಬರುವ ಭಾನುವಾರ ಆರಾಧನೆಯಾದ ಮೇಲೆ ತಾಯಿತಂದೆಗಳೂ ಯೌವನಸ್ಥರ ಸಂಘದವರೂ ಒಟ್ಟಿಗೆ ಕೂತುಕೊಳ್ಳಿರಿ. ಮಕ್ಕಳನ್ನು ಹೊರಗೆ ನಿಲ್ಲಿಸಿ ತೀರ್ಮಾನ ಮಾಡಬೇಡಿರಿ. ಅವರ ಬಾಯಿಂದಲೇ ಮಾತು ಹೊರಡಲಿ. ರಾತ್ರಿ ಒಂಬತ್ತೂವರೆಯೋ, ಹತ್ತೋ, ಒಂದು ಗಂಟೆಯನ್ನು ಗೊತ್ತುಮಾಡಿರಿ. ಆ ಗಂಟೆಯ ಮೇಲೆ ಗುಂಪಿನಲ್ಲಿ ಯಾರೂ ಬರೆಯತಕ್ಕದ್ದಲ್ಲ, ಉತ್ತರ ಬರಲಿಲ್ಲವೆಂದು ಯಾರೂ ಸಿಟ್ಟಾಗತಕ್ಕದ್ದಲ್ಲವೆಂದು ಮಕ್ಕಳು ತಮ್ಮೊಳಗೆ ಮಾತು ಕೊಟ್ಟುಕೊಳ್ಳಲಿ. ಹತ್ತು ರಾತ್ರಿ ಸ್ಟ್ರೀಕ್ ಕಡಿದರೆ ಸ್ನೇಹ ಕಡಿಯಲಿಲ್ಲವೆಂದು ಗೆಳತಿಯರು ಮುಂಚಿತವಾಗಿ ಹೇಳಿಕೊಳ್ಳಲಿ. ಕುಟುಂಬ ಪ್ರಾರ್ಥನೆಯಾದ ಕೂಡಲೆ ಮನೆಯ ಮೊಬೈಲುಗಳೆಲ್ಲಾ, ತಂದೆಯದೂ ತಾಯಿಯದೂ ಸಹ, ಅಡಿಗೆಮನೆಯ ಒಂದೇ ಗೂಡಿನಲ್ಲಿ ಮಲಗಲಿ. ಬೆಳಿಗ್ಗೆ ಏಳುವದಕ್ಕೆ ಅಲಾರಂ ಬೇಕೆಂಬ ನೆವ ಬಂದರೆ ಕೀಲಿ ಕೊಡುವ ಒಂದು ಅಲಾರಂ ಗಡಿಯಾರವನ್ನು ಕೊಂಡುಕೊಳ್ಳಿರಿ. ನಮ್ಮ ಮಕ್ಕಳ ಜತೆಗಾರರೆಲ್ಲರೂ ಸಭೆಯವರಲ್ಲ. ಆದ್ದರಿಂದ ಶಾಲೆಯ ಮುಖ್ಯೋಪಾಧ್ಯಾಯರಿಗೂ ಎಸ್.ಡಿ.ಎಂ.ಸಿ.ಯವರಿಗೂ ನೆರೆಮನೆಯವರಿಗೂ ಈ ಮಾತನ್ನು ತಿಳಿಸಿರಿ. ಮಕ್ಕಳ ನಿದ್ರೆಯಲ್ಲಿ ಜಾತಿಮತಗಳ ಭೇದವಿಲ್ಲ.

ಹನ್ನೊಂದನೆಯ ದಿನ ಮಕ್ಕಳ ಮುಖಗಳನ್ನು ನೋಡಿರಿ. ಬೆಳಿಗ್ಗೆ ಎಷ್ಟು ಸಾರಿ ಕೂಗಬೇಕಾಯಿತು, ತರಗತಿಯಲ್ಲಿ ತೂಕಡಿಕೆ ಕಡಿಮೆಯಾಯಿತೋ, ಮನೆಯಲ್ಲಿ ಸಿಡುಕು ಇಳಿಯಿತೋ ಎಂದು ಅವರನ್ನೇ ಕೇಳಿರಿ. ಮೊದಲನೆಯ ಎರಡು ಮೂರು ರಾತ್ರಿ ನಿದ್ರೆ ಬಾರದೆ ಹೊರಳಾಡುವರು, ಅದಕ್ಕೆ ಅಂಜಬೇಡಿರಿ. ಒಂದು ಕುಟುಂಬ ತಪ್ಪಿದರೆ ಅವರನ್ನು ಹೀಯಾಳಿಸದೆ ಕೈಹಿಡಿದು ಕರೆತನ್ನಿರಿ.

ಇನ್ನೊಂದು ಮಾತನ್ನು ಬಹು ಗಂಭೀರವಾಗಿ ಹೇಳಬೇಕಾಗಿದೆ. ಎರಡು ವಾರಕ್ಕಿಂತ ಹೆಚ್ಚಾಗಿ ಮಗುವಿಗೆ ನಿದ್ರೆ ಊಟಗಳು ಬೇಡವಾಗಿದ್ದರೆ, ಆಟಪಾಠಗಳಲ್ಲಿ ಮನಸ್ಸು ನಿಲ್ಲದಿದ್ದರೆ, ಬದುಕಿ ಏನು ಫಲವೆಂಬ ಮಾತು ಬಾಯಿಂದ ಬಂದರೆ, ಅದು ಮೊಬೈಲಿನ ದೋಷವೆಂದಾಗಲಿ ನಂಬಿಕೆಯ ಕೊರತೆಯೆಂದಾಗಲಿ ತಳ್ಳಿಬಿಡಬೇಡಿರಿ. ಪ್ರಾರ್ಥಿಸಿರಿ, ಪ್ರಾರ್ಥಿಸಿ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಏರ್ಪಾಡಿನಲ್ಲಿ 14416 ಎಂಬ ಅಂಕೆಗೆ ಕರೆ ಮಾಡಿದರೆ ಹಣವಿಲ್ಲದೆ ಹಗಲಿರುಳೂ ಆಲೋಚನೆ ದೊರೆಯುವದು. ಲೂಕನು ವೈದ್ಯನಾಗಿದ್ದನೆಂಬದನ್ನು ಮರೆಯಬೇಡಿರಿ.

ಯೌವನಸ್ಥರೇ, ಕಡೆಗೆ ನಿಮಗೆ ಒಂದು ಮಾತು. ರಾತ್ರಿ ನೀವು ಮಲಗಿದ್ದರೆ ನಿಮ್ಮನ್ನು ಮರೆತುಬಿಡುವ ಗೆಳೆಯನು ಗೆಳೆಯನಲ್ಲ. ನಿಮ್ಮ ಗುಂಪಿನಲ್ಲಿಯೂ ಎದೆಯೊಳಗೆ ದಣಿದು, “ಯಾರಾದರೂ ಮೊದಲು ನಿಲ್ಲಿಸಿದರೆ ಸಾಕು” ಎಂದು ಕಾಯುವವನು ಒಬ್ಬನಿದ್ದಾನು. ಆ ಮೊದಲನೆಯ ಮಾತನ್ನು ನೀವು ಆಡಿರಿ: “ಹತ್ತು ಗಂಟೆಯಾಯಿತು, ಎಲ್ಲರೂ ಮಲಗೋಣ, ನಾಳೆ ಸಿಗೋಣ.” ಹೀಗೆ ಹೇಳುವದಕ್ಕೆ ಧೈರ್ಯ ಬೇಕು, ಆ ಧೈರ್ಯವನ್ನು ದೇವರು ಕೇಳುವವರಿಗೆ ಕೊಡುತ್ತಾನೆ. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವದಿಲ್ಲ, ನಿದ್ರಿಸುವದಿಲ್ಲವೆಂದು ಬಾಲ್ಯದಿಂದಲೂ ಕಲಿತಿದ್ದೀರಲ್ಲಾ. ಎಚ್ಚರವಾಗಿರುವ ಕೆಲಸವನ್ನು ಆತನು ವಹಿಸಿಕೊಂಡಿರಲಾಗಿ ಅದು ನಿಮ್ಮ ಪಾಲಿಗೆ ಬಿದ್ದಿಲ್ಲ. ನಿಮ್ಮ ಜತೆಯವರನ್ನು ಹೆಸರು ಹೇಳಿ ಆತನ ಕೈಗೆ ಒಪ್ಪಿಸಿ, ದೀಪ ಆರಿಸಿ, ಮಲಗಿಕೊಳ್ಳಿರಿ.

ನಮ್ಮ ಮಕ್ಕಳ ರಾತ್ರಿಗಳನ್ನು ಕರ್ತನು ಕಾಯಲಿ; ಅವರ ಸಂಗಡ ಇಳಿದುಬರುವ ಪ್ರೀತಿಯನ್ನು ನಮಗೆ ದಯಪಾಲಿಸಲಿ. ಆಮೆನ್.